ಗಾದಿಯೂ ನೆಲವೂ: ಒಂದು ಕ್ವೇಕರ್ ಶಾಲೆಯ ಲೆಕ್ಕಾಚಾರ

ಯಾವುದೇ ಸಂಸ್ಥೆಯ ಬಾಳಿನಲ್ಲಿ ಎರಡು ಸಂದರ್ಭಗಳು ಬುಡವನ್ನೇ ಅಲುಗಿಸುತ್ತವೆ. ಹಿರಿಯರು ಗಾದಿಯಿಂದ ಇಳಿಯುವ ಹೊತ್ತು ಒಂದು. ಹಳೆಯ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುವ ಹೊತ್ತು ಇನ್ನೊಂದು. ಪೇಟೆ ಬೀದಿಯ ಮಳಿಗೆಯನ್ನು ಕೈಗಾರಿಕಾ ಪ್ರದೇಶಕ್ಕೆ ಒಯ್ದ ವರ್ತಕರಿಗೂ, ತಂದೆಯ ಕೈಯಿಂದ ಗಲ್ಲಾಪೆಟ್ಟಿಗೆಯ ಬೀಗದ ಕೈ ಪಡೆದ ಮಕ್ಕಳಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಒಟ್ಟಿಗೆ ಬಂದಾಗ ಅಪಾಯ ಇಮ್ಮಡಿಯಾಗುತ್ತದೆ. ಹೊಸದಾಗಿ ಕುಳಿತವರು ತಮ್ಮ ಹೆಸರು ಉಳಿಯಲೆಂದು ಕಟ್ಟಡಕ್ಕೆ ಕೈಹಾಕುವುದು, ಇಳಿಯಲಿರುವವರು ತಮ್ಮ ಕಾಲದಲ್ಲೇ ಎಲ್ಲವೂ ಮುಗಿಯಲೆಂದು ಸಾಲದ ಮೇಲೆ ಸಾಲ ಎತ್ತುವುದು, ಇವೆರಡೂ ವ್ಯಾಪಾರ ಲೋಕ ಬಲ್ಲ ಹಳೆಯ ರೋಗಗಳೇ.

ಈ ದೃಷ್ಟಿಯಿಂದ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಸಿಡ್‌ವೆಲ್ ಫ್ರೆಂಡ್ಸ್ ಶಾಲೆಯ ಇತಿಹಾಸ ಉದ್ದಿಮೆದಾರರು ಗಮನಿಸತಕ್ಕದ್ದಾಗಿದೆ. ಪತ್ರಿಕೆಗಳಿಗೆ ಈ ಶಾಲೆ ಪರಿಚಿತವಾಗಿರುವುದು ಅಧ್ಯಕ್ಷರ ಮಕ್ಕಳು ಓದಿದ ಶಾಲೆಯೆಂದು. ಕ್ಲಿಂಟನ್ ದಂಪತಿಗಳ ಮಗಳು ಅಲ್ಲಿ ಓದಿದರು, ಬರಾಕ್ ಒಬಾಮಾ ಅವರ ಇಬ್ಬರು ಹೆಣ್ಣುಮಕ್ಕಳೂ ಓದಿದರು. ವರ್ತಕರಿಗೆ ಉಪಯುಕ್ತವಾದದ್ದು ಆ ಸಂಗತಿಯಲ್ಲ. ಒಬ್ಬ ವ್ಯಕ್ತಿಯ ಕೈಯಲ್ಲಿ ಹುಟ್ಟಿದ ಈ ಶಾಲೆ ಆತನನ್ನು ದಾಟಿ ಬದುಕಿದ ಬಗೆ, ಮತ್ತು ಹಲವೆಡೆ ಹರಡಿಕೊಂಡಿದ್ದ ತನ್ನ ಆವರಣವನ್ನು ಒಂದುಗೂಡಿಸಲು ಹೊರಟಾಗ ಅದು ಎದುರಿಸಿದ ಪ್ರಶ್ನೆ.

ಮೊದಲು ಕ್ವೇಕರರ ಬಗ್ಗೆ ನಾಲ್ಕು ಮಾತು ಅಗತ್ಯ. 17ನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅವರ ಬೋಧನೆಯಿಂದ ರೂಪುಗೊಂಡ ಈ ಕ್ರೈಸ್ತ ಪಂಗಡದ ಅಧಿಕೃತ ಹೆಸರು ‘ಗೆಳೆಯರ ಧಾರ್ಮಿಕ ಸಂಘ’. ಅವರ ಶಾಲೆಗಳ ಹೆಸರಿನಲ್ಲಿ ‘ಫ್ರೆಂಡ್ಸ್’ ಎಂಬ ಪದ ಬರುವುದು ಈ ಕಾರಣದಿಂದ. ಪ್ರಮಾಣವಚನ ಸ್ವೀಕರಿಸಲು ಒಪ್ಪದ ಇವರಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಮತ್ತು ಸರ್ಕಾರಿ ಹುದ್ದೆಗಳ ಬಾಗಿಲು ಬಹುಕಾಲ ಮುಚ್ಚಿತ್ತು. ಉಳಿದದ್ದು ವ್ಯಾಪಾರವೊಂದೇ. ಬಾರ್ಕ್ಲೇಸ್, ಲಾಯ್ಡ್ಸ್ ಬ್ಯಾಂಕುಗಳು, ಕ್ಯಾಡ್ಬರಿ, ಫ್ರೈ, ರೌಂಟ್ರಿ ಎಂಬ ಚಾಕೊಲೇಟ್ ಮನೆತನಗಳು, ಕ್ಲಾರ್ಕ್ಸ್ ಪಾದರಕ್ಷೆ, ಇವೆಲ್ಲ ಕ್ವೇಕರರು ಕಟ್ಟಿದ ಉದ್ದಿಮೆಗಳು. ಚೌಕಾಸಿ ಮಾಡುವುದು ಒಂದು ಬಗೆಯ ಸುಳ್ಳೆಂದು ಭಾವಿಸಿ, ಮಗು ಬಂದರೂ ಮುದುಕ ಬಂದರೂ ಒಂದೇ ದರ ಹೇಳುವ ಪದ್ಧತಿಯನ್ನು ಅಂಗಡಿಗಳಲ್ಲಿ ಬೇರೂರಿಸಿದವರಲ್ಲಿ ಇವರೇ ಮುಂಚೂಣಿಯವರು. ಸದಸ್ಯನೊಬ್ಬ ಸಾಲ ತೀರಿಸಲಾಗದೆ ದಿವಾಳಿಯೆದ್ದರೆ ಸಂಘವೇ ವಿಚಾರಣೆ ನಡೆಸಿ ಅವನನ್ನು ಹೊರಹಾಕುತ್ತಿದ್ದ ಕಾಲವೂ ಇತ್ತು. (ಈ ನಿಯಮ ಇಂದು ಎಲ್ಲೆಡೆ ಜಾರಿಗೆ ಬಂದರೆ ಎಷ್ಟು ಸಂಘಗಳು ಕೋರಂ ಇಲ್ಲದೆ ಸಭೆ ಮುಂದೂಡಬೇಕಾದೀತೋ!)

ಇಂತಹ ಪಂಗಡಕ್ಕೆ ಸೇರಿದ ಥಾಮಸ್ ಸಿಡ್‌ವೆಲ್ ಎಂಬ ಯುವಕ 1883ರಲ್ಲಿ ವಾಷಿಂಗ್ಟನ್ ನಗರದ ಮಧ್ಯಭಾಗದ ಐ ಸ್ಟ್ರೀಟ್‌ನಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ತೆರೆದರು. 1936ರವರೆಗೆ, ಅಂದರೆ 53 ವರ್ಷಗಳ ಕಾಲ, ಅದರ ಮುಖ್ಯಸ್ಥರು ಅವರೇ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಸ್ಥಾಪಕನೇ ನಡೆಸುವ ಏಕವ್ಯಕ್ತಿ ಸಂಸ್ಥೆ. ಅಂತಹ ಸಂಸ್ಥೆಗೆ ಎದುರಾಗುವ ಗತಿ ಸಾಮಾನ್ಯವಾಗಿ ಎರಡೇ: ಸ್ಥಾಪಕನ ಜೊತೆಗೇ ಮುಗಿಯುವುದು, ಇಲ್ಲವೇ ವಾರಸುದಾರರ ಪಾಲುಪಟ್ಟಿಯಲ್ಲಿ ಹರಿದು ಹಂಚಿಹೋಗುವುದು. ಸಿಡ್‌ವೆಲ್ ಶಾಲೆಗೆ ಈ ಎರಡೂ ಆಗಲಿಲ್ಲ. 1930ರ ದಶಕದ ನಡುವೆ, ಸ್ಥಾಪಕ ಇನ್ನೂ ಇರುವಾಗಲೇ, ಅದು ಆಡಳಿತ ಮಂಡಳಿಯುಳ್ಳ ಲಾಭರಹಿತ ಸಂಸ್ಥೆಯಾಯಿತು. ಹೆಸರಿನಲ್ಲಿ ಸ್ಥಾಪಕ ಉಳಿದರು. ಒಡೆತನದಲ್ಲಿ ಯಾರೂ ಉಳಿಯಲಿಲ್ಲ. ಕನ್ನಡ ನಾಡಿನ ಎಷ್ಟೋ ಮನೆತನದ ಸಂಸ್ಥೆಗಳಲ್ಲಿ ಇದು ತಲೆಕೆಳಗಾಗಿ ನಡೆಯುವುದುಂಟು. ಹೆಸರು ಮೂರು ಸಲ ಬದಲಾಗಿರುತ್ತದೆ, ಸಹಿ ಮಾತ್ರ ಒಬ್ಬರದೇ.

ಅದಕ್ಕಿಂತ ದೊಡ್ಡ ದೂರದೃಷ್ಟಿ ನೆಲದ ವಿಷಯದಲ್ಲಿತ್ತು. 1911ರಲ್ಲಿ, ನಗರದ ಹೊರವಲಯವೆನಿಸಿದ್ದ ವಿಸ್ಕಾನ್ಸಿನ್ ಅವೆನ್ಯೂವಿನಲ್ಲಿ ಸಿಡ್‌ವೆಲ್ ಜಾಗ ಕೊಂಡರು. ಆಗ ಅದು ಆಟದ ಬಯಲು. ನಗರದೊಳಗಿನ ಶಾಲೆಯನ್ನು ಅಂದೇ ಮುಚ್ಚಲಿಲ್ಲ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಎರಡೂ ಕಡೆ ಕೆಲಸ ನಡೆಯಿತು. ತರಗತಿಗಳು ಒಂದೊಂದಾಗಿ ಹೊರಟು 1930ರ ದಶಕದ ಕೊನೆಗೆ ಇಡೀ ಶಾಲೆ ಹೊಸ ಜಾಗದಲ್ಲಿ ನೆಲೆಯೂರಿತು. ಕೊಂಡವರು ಒಬ್ಬರು, ಸ್ಥಳಾಂತರ ಮುಗಿಸಿದವರು ಅವರ ನಂತರದವರು. ಜಾಗ ಕೊಂಡ ಮರುವರ್ಷವೇ ಗೃಹಪ್ರವೇಶದ ಆಮಂತ್ರಣ ಅಚ್ಚು ಹಾಕಿಸುವವರು ಈ ಇಪ್ಪತ್ತೈದು ವರ್ಷಗಳ ತಾಳ್ಮೆಯನ್ನು ನಂಬುವುದು ಕಷ್ಟ.

1963ರಲ್ಲಿ ಇನ್ನೊಂದು ಖರೀದಿ ನಡೆಯಿತು. ಪಕ್ಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ ಮುಚ್ಚಲಿದ್ದ ಬೇರೊಂದು ಶಾಲೆಯ ಆವರಣವನ್ನು ಕೊಂಡು ಕಿರಿಯ ತರಗತಿಗಳನ್ನು ಅಲ್ಲಿಗೆ ಕಳಿಸಲಾಯಿತು. ಆ ಹೊತ್ತಿಗೆ ಅದು ಸರಿಯೆಂದೇ ತೋರಿತು. ಆದರೆ ಅಲ್ಲಿಂದಾಚೆಗೆ ಒಂದು ಶಾಲೆ ಎರಡು ಆಡಳಿತ ವ್ಯಾಪ್ತಿಗಳಲ್ಲಿ, ಎರಡು ಅಡುಗೆಮನೆ, ಎರಡು ಗ್ರಂಥಾಲಯ, ಎರಡು ಕಾವಲು ವ್ಯವಸ್ಥೆಗಳೊಂದಿಗೆ ಬದುಕಬೇಕಾಯಿತು. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. ಗೋದಾಮು ಒಂದೂರಿನಲ್ಲಿ, ಕಾರ್ಖಾನೆ ಇನ್ನೊಂದೂರಿನಲ್ಲಿ ಇಟ್ಟುಕೊಂಡ ತಯಾರಕರಿಗೆ ಈ ಖರ್ಚಿನ ಸ್ವರೂಪ ಗೊತ್ತು: ಅದು ಯಾವ ಒಂದು ಬಾಬ್ತಿನಲ್ಲೂ ದೊಡ್ಡದಾಗಿ ಕಾಣುವುದಿಲ್ಲ, ಎಲ್ಲ ಬಾಬ್ತುಗಳಲ್ಲೂ ಸ್ವಲ್ಪಸ್ವಲ್ಪ ಸೋರುತ್ತಿರುತ್ತದೆ.

ಈ ನಡುವೆ ಗಾದಿ ಬದಲಾಗುತ್ತಲೇ ಇತ್ತು. ರಾಬರ್ಟ್ ಸ್ಮಿತ್ 1965ರಿಂದ 1978ರವರೆಗೆ, ಅರ್ಲ್ ಹ್ಯಾರಿಸನ್ 1978ರಿಂದ 1998ರವರೆಗೆ, ಬ್ರೂಸ್ ಸ್ಟುವರ್ಟ್ 1998ರಿಂದ 2009ರವರೆಗೆ ಮುಖ್ಯಸ್ಥರಾಗಿದ್ದರು. ಸ್ಟುವರ್ಟ್ ಅವರ ಕಾಲದಲ್ಲಿ, 2006ರಲ್ಲಿ, ಇದ್ದ ಜಾಗದಲ್ಲೇ ಮಾಧ್ಯಮಿಕ ವಿಭಾಗಕ್ಕೆ ಹೊಸ ಕಟ್ಟಡ ಬಂತು. ಕಟ್ಟಡದ ಮಲಿನ ನೀರನ್ನು ಅಂಗಳದ ಜೊಂಡಿನ ಮಡಿಗಳಲ್ಲಿ ಹಾಯಿಸಿ ಶುದ್ಧೀಕರಿಸಿ ಶೌಚಾಲಯಗಳಿಗೆ ಮರಳಿ ಬಳಸುವ ವ್ಯವಸ್ಥೆ ಅದರದ್ದು. ಪರಿಸರಸ್ನೇಹಿ ಕಟ್ಟಡಗಳಿಗೆ ಅಮೆರಿಕದಲ್ಲಿ ಸಲ್ಲುವ ಅತ್ಯುನ್ನತ ‘ಪ್ಲಾಟಿನಂ’ ಮಾನ್ಯತೆ ಪಡೆದ ಮೊದಲ ಶಾಲಾ ಕಟ್ಟಡವಿದು. 2010ರಲ್ಲಿ ಬಂದ ಥಾಮಸ್ ಫಾರ್ಕರ್ ನಾಲ್ಕೇ ವರ್ಷ ಇದ್ದರು. 2014ರಲ್ಲಿ ಬ್ರಯಾನ್ ಗಾರ್ಮನ್ ಬಂದರು.

ಗಾರ್ಮನ್ ಅವರ ಆಯ್ಕೆಯಲ್ಲಿ ವಿಶೇಷವಿದೆ. ಅವರು ಹೊರಗಿನವರೂ ಹೌದು, ಒಳಗಿನವರೂ ಹೌದು. ಮೊದಲು ಸಿಡ್‌ವೆಲ್‌ನಲ್ಲೇ ಇತಿಹಾಸ ಕಲಿಸಿ, ಪ್ರೌಢ ವಿಭಾಗದ ಹೊಣೆ ಹೊತ್ತು, ಅನಂತರ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಫ್ರೆಂಡ್ಸ್ ಶಾಲೆಗೆ ಮುಖ್ಯಸ್ಥರಾಗಿ ಹೋಗಿ, ಎಂಟು ವರ್ಷಗಳ ತರುವಾಯ ಮರಳಿದವರು. ವಿಲ್ಮಿಂಗ್ಟನ್ ಶಾಲೆ 1748ರಷ್ಟು ಹಳೆಯದು. ಅಂದರೆ ಹಳೆಯ ಸಂಸ್ಥೆಯೊಂದನ್ನು ತನ್ನದೇ ಹೊಣೆಯಲ್ಲಿ ನಡೆಸಿದ ಅನುಭವ ಅವರ ಬೆನ್ನಿಗಿತ್ತು. ಮಗನನ್ನು ಪದವಿ ಮುಗಿದ ಮರುದಿನವೇ ನಿರ್ದೇಶಕನ ಕುರ್ಚಿಯಲ್ಲಿ ಕೂರಿಸುವ ಪದ್ಧತಿಗಿಂತ, ಐದಾರು ವರ್ಷ ಇನ್ನೊಬ್ಬರ ಮಳಿಗೆಯಲ್ಲಿ ಇನ್ನೊಬ್ಬರ ಹಣಕ್ಕೆ ಲೆಕ್ಕ ಕೊಡುವಂತೆ ಮಾಡಿ ಕರೆಸಿಕೊಳ್ಳುವುದು ಎಷ್ಟೋ ಮೇಲು. ಹಿಂದಿನ ಕಾಲದ ಮಂಡಿ ವರ್ತಕರು ತಮ್ಮ ಮಕ್ಕಳನ್ನು ಪರವೂರಿನ ಪರಿಚಿತರ ಅಂಗಡಿಯಲ್ಲಿ ಗುಮಾಸ್ತಿಕೆಗೆ ಬಿಡುತ್ತಿದ್ದುದೂ ಇದೇ ವಿವೇಕದಿಂದ.

ಗುಮಾಸ್ತ ಎಂಬ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಕ್ವೇಕರರ ಸಭೆಯನ್ನು ನಡೆಸುವವರಿಗೆ ಅಧ್ಯಕ್ಷರೆಂಬ ಬಿರುದಿಲ್ಲ; ಅವರು ‘ಕ್ಲರ್ಕ್’. ಎಷ್ಟೋ ಕ್ವೇಕರ್ ಶಾಲೆಗಳ ಆಡಳಿತ ಮಂಡಳಿಯ ಅತ್ಯುನ್ನತ ಸ್ಥಾನದ ಹೆಸರೂ ಅದೇ. ಕ್ವೇಕರ್ ಪದ್ಧತಿಯಲ್ಲಿ ಮತಕ್ಕೆ ಹಾಕುವ ಪರಿಪಾಠವಿಲ್ಲ. ಮೌನದಿಂದ ಸಭೆ ಆರಂಭವಾಗುತ್ತದೆ, ಹೇಳಬೇಕಾದವರು ಹೇಳುತ್ತಾರೆ, ಸಭೆಯ ಒಟ್ಟು ಮನಸ್ಸು ಎತ್ತ ವಾಲಿದೆಯೆಂದು ಕ್ಲರ್ಕ್ ಗ್ರಹಿಸಿ, ಅಲ್ಲಿಯೇ ನಿರ್ಣಯವನ್ನು ಬರೆದು ಓದುತ್ತಾರೆ. ಒಪ್ಪದವರು ತಡೆಯಬಹುದು, ಇಲ್ಲವೇ ತಮ್ಮ ಅಸಮ್ಮತಿಯನ್ನು ಹೇಳಿ ಪಕ್ಕಕ್ಕೆ ಸರಿದು ನಿಲ್ಲಬಹುದು. ಐವತ್ತೊಂದು ಜನ ನಲವತ್ತೊಂಬತ್ತು ಜನರನ್ನು ಸೋಲಿಸುವ ಪದ್ಧತಿ ಇದಲ್ಲ. ಮುಖ್ಯಸ್ಥರ ನೇಮಕವಾಗಲಿ, ನೆಲದ ಖರೀದಿಯಾಗಲಿ, ಇಂತಹ ಸಭೆಯಿಂದ ಹೊರಬಂದರೆ ಮುಂದಿನ ವರ್ಷ ಗುಂಪು ಬದಲಾಯಿತೆಂದು ನಿರ್ಣಯ ಬದಲಾಗುವುದು ಅಪರೂಪ.

ಈ ಪದ್ಧತಿಯನ್ನು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಅದರ ಖಾತೆಯಲ್ಲಿ ಖರ್ಚಿನ ಪುಟವೂ ಇದೆ. ಗುಲಾಮಗಿರಿಯ ವಿರುದ್ಧ ಮೊದಲು ದನಿಯೆತ್ತಿದವರಲ್ಲಿ ಕ್ವೇಕರರು ಸೇರಿದ್ದರೂ, ಸಿಡ್‌ವೆಲ್ ಶಾಲೆ ತನ್ನ ಬಾಗಿಲನ್ನು ಕಪ್ಪು ಜನಾಂಗದ ಮಕ್ಕಳಿಗೆ ತೆರೆದದ್ದು 1956ರಲ್ಲಿ. ಸಾರ್ವಜನಿಕ ಶಾಲೆಗಳಲ್ಲಿನ ವರ್ಣಭೇದ ಕಾನೂನುಬಾಹಿರವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಹೇಳಿ ಎರಡು ವರ್ಷಗಳಾಗಿದ್ದವು. ಶಾಲೆ ಹುಟ್ಟಿ 73 ವರ್ಷಗಳಾಗಿದ್ದವು. ಆಗಲೂ ಬಾಗಿಲು ತೆರೆದದ್ದು ಕೆಳಗಿನ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ಮೆಟ್ಟಿಲಿನಂತೆ. ಎಲ್ಲರ ಸಮ್ಮತಿಗೆ ಕಾಯುವುದು ವಿವೇಕವಾಗಬಹುದು, ಕೆಲವರ ಅನುಕೂಲಕ್ಕೆ ಹೊದಿಸಿದ ಹೊದಿಕೆಯೂ ಆಗಬಹುದು. ಹೊರಗೆ ಕಾಯುತ್ತಿದ್ದ ಮಗುವಿಗೆ ಒಳಗಿನ ಸಭೆಯ ಮೌನದಿಂದ ಏನೂ ಪ್ರಯೋಜನವಿರಲಿಲ್ಲ.

ಈಗ ಆವರಣದ ಪ್ರಶ್ನೆಗೆ ಬರಬಹುದು. ವಿಸ್ಕಾನ್ಸಿನ್ ಅವೆನ್ಯೂವಿನ ಶಾಲೆಗೆ ಹೊಂದಿಕೊಂಡಂತೆ, ಅಪ್ಟನ್ ಸ್ಟ್ರೀಟ್‌ನಲ್ಲಿ ‘ವಾಷಿಂಗ್ಟನ್ ಹೋಮ್’ ಎಂಬ ಸಂಸ್ಥೆಯಿತ್ತು. 19ನೆಯ ಶತಮಾನದ ಕೊನೆಯಲ್ಲಿ ವಾಸಿಯಾಗದ ಕಾಯಿಲೆಯವರ ಆಸರೆಗೆಂದು ಹುಟ್ಟಿ, ಅನಂತರ ವೃದ್ಧರ ಹಾಗೂ ಅಂತ್ಯಕಾಲದ ರೋಗಿಗಳ ಆರೈಕೆಗೆ ಹೆಸರಾದ ಧರ್ಮಾರ್ಥ ಸಂಸ್ಥೆಯದು. ಅದರ ಐದಾರು ಎಕರೆ ಜಾಗವನ್ನು ಸಿಡ್‌ವೆಲ್ ಶಾಲೆ 2015ರಲ್ಲಿ 3 ಕೋಟಿ 20 ಲಕ್ಷ ಡಾಲರ್‌ಗೆ, ಅಂದಿನ ವಿನಿಮಯ ದರದಲ್ಲಿ ಇನ್ನೂರು ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ, ಕೊಳ್ಳಲು ಮುಂದಾಯಿತು. ಬೆಥೆಸ್ಡಾದ ಕಿರಿಯ ತರಗತಿಗಳನ್ನು ನಗರಕ್ಕೆ ಮರಳಿ ತಂದು, ಮೂರೂ ವಿಭಾಗಗಳನ್ನು ಒಂದೇ ಆವರಣದಲ್ಲಿ ಕೂಡಿಸುವುದು ಉದ್ದೇಶ. ಗಾರ್ಮನ್ ಬಂದು ಆಗಿನ್ನೂ ಒಂದು ವರ್ಷ ಚಿಲ್ಲರೆ.

ವ್ಯವಹಾರದ ಕಣ್ಣಿನಿಂದ ನೋಡಿದರೆ ಇದನ್ನು ತಪ್ಪೆನ್ನುವವರು ಸಿಗಲಾರರು. ಪಕ್ಕದ ನೆಲ ಮಾರಾಟಕ್ಕೆ ಬರುವುದು ತಲೆಮಾರಿಗೊಮ್ಮೆ. ಜನವಸತಿಯ ನಡುವಿನ ಖಾಸಗಿ ಶಾಲೆಗೆ ವಾಷಿಂಗ್ಟನ್‌ನಲ್ಲಿ ವಲಯ ಮಂಡಳಿಯ ವಿಶೇಷ ಅನುಮತಿ ಬೇಕು. ಮಕ್ಕಳ ಸಂಖ್ಯೆಗೂ ಮಿತಿ ಹಾಕಲಾಗುತ್ತದೆ. ನೆರೆಹೊರೆಯವರ ವಾಹನ ದಟ್ಟಣೆಯ ದೂರನ್ನೂ ಕೇಳಬೇಕು. ಇಂತಹ ಕಡೆ ಹೊಂದಿಕೊಂಡ ಜಾಗಕ್ಕೆ ಮಾರುಕಟ್ಟೆಯ ಬೆಲೆಗಿಂತ ಬೇರೆಯೇ ಒಂದು ಬೆಲೆಯುಂಟು. ಮಾರಿದ ಸಂಸ್ಥೆಯೂ ಸ್ವಂತ ಇಚ್ಛೆಯಿಂದಲೇ ಮಾರಿತು.

ಆದರೆ ಆ ಕಟ್ಟಡದೊಳಗೆ ಜನರಿದ್ದರು. ಎದ್ದು ನಡೆಯಲಾಗದವರು, ತಾವಿರುವ ಕೋಣೆಯ ಕಿಟಕಿಯೊಂದನ್ನು ಬಿಟ್ಟರೆ ಬೇರೇನನ್ನೂ ಗುರುತಿಸಲಾಗದವರು ಅವರಲ್ಲಿದ್ದರು. 2016ರ ಕೊನೆಯ ಹೊತ್ತಿಗೆ ಅವರೆಲ್ಲ ಬೇರೆ ನೆಲೆ ನೋಡಿಕೊಳ್ಳಬೇಕಾಯಿತು. ಸಿಕ್ಕ ಕಾಲಾವಕಾಶ ಸುಮಾರು ಒಂದು ವರ್ಷ. ಕುಟುಂಬದವರ ಅಳಲು ಪತ್ರಿಕೆಗಳಲ್ಲಿ ಬಂತು. ಸರಳತೆ, ಶಾಂತಿ, ಸಮುದಾಯ, ಸಮಾನತೆ ಎಂದು ಮಕ್ಕಳಿಗೆ ದಿನವೂ ಹೇಳಿಕೊಡುವ ಶಾಲೆ ಹಾಸಿಗೆ ಹಿಡಿದವರನ್ನು ಎಬ್ಬಿಸಿದ ಜಾಗದಲ್ಲಿ ತರಗತಿ ನಡೆಸಬಹುದೇ ಎಂಬ ಪ್ರಶ್ನೆ ಎದ್ದಿತು.

ಶಾಲೆಯೇ ಅವರನ್ನು ಎಬ್ಬಿಸಿತೆನ್ನುವುದು ನ್ಯಾಯವಲ್ಲ. ಮಾರುವ ತೀರ್ಮಾನ ಮಾರಿದವರದು. ಶಾಲೆ ಕೊಳ್ಳದಿದ್ದರೆ ವಸತಿ ಸಮುಚ್ಚಯ ಕಟ್ಟುವವರು ಕೊಳ್ಳುತ್ತಿದ್ದರು. ಆದರೂ ಈ ಸಮರ್ಥನೆ ಸಾಲದು. ‘ನಾನಲ್ಲದಿದ್ದರೆ ಇನ್ನೊಬ್ಬ’ ಎಂಬ ವಾದವನ್ನು ಯಾವ ವ್ಯಾಪಾರಿಯೂ ಮಾಡಬಹುದು. ಚೌಕಾಸಿಯನ್ನೂ ಸುಳ್ಳೆಂದು ಬಿಟ್ಟ ಜನರ ಪರಂಪರೆಯವರಿಂದ ಜನ ನಿರೀಕ್ಷಿಸುವುದು ಇನ್ನೂ ಒಂದು ಹೆಜ್ಜೆ. ಆ ಹೆಜ್ಜೆ ಕ್ರಯಪತ್ರದ ಬೆಲೆಯ ಕಲಮಿನಲ್ಲಿರಲಿಲ್ಲ, ಸ್ವಾಧೀನದ ದಿನಾಂಕದ ಕಲಮಿನಲ್ಲಿತ್ತು. ಅರ್ಧ ಶತಮಾನ ಬೆಥೆಸ್ಡಾದಲ್ಲಿ ನಡೆದ ಕಿರಿಯ ತರಗತಿಗಳು ಇನ್ನೂ ನಾಲ್ಕಾರು ವರ್ಷ ಅಲ್ಲಿರಬಹುದಿತ್ತು. 1911ರ ಖರೀದಿಯನ್ನು ಇಪ್ಪತ್ತೈದು ವರ್ಷ ಹಣ್ಣಾಗಲು ಬಿಟ್ಟ ಶಾಲೆಗೆ ಕಾಯುವುದು ಹೊಸದೂ ಅಲ್ಲ. ಅಂತಹ ಖರೀದಿಯಲ್ಲಿ ಕಾಲವೂ ಒಂದು ನಾಣ್ಯ. ಡಾಲರುಗಳ ಜೊತೆಗೆ ಅದನ್ನೂ ಎಣಿಸಿ ಕೊಡಬಹುದಿತ್ತು. ಮುಚ್ಚುತ್ತಿರುವ ಗಿರಣಿಯನ್ನೋ ಮುಳುಗುತ್ತಿರುವ ನೆರೆಯವನ ಶೆಡ್ಡನ್ನೋ ಕೊಳ್ಳುವ ಸಣ್ಣ ತಯಾರಕರಿಗೆ ಇದು ನೀತಿಪಾಠವಾಗಿ ಅಲ್ಲದಿದ್ದರೂ ಲೆಕ್ಕವಾಗಿ ಮುಖ್ಯ: ಖಾಲಿ ಮಾಡಿಸಿದ ಅವಸರದ ನೆನಪು ಊರಿನಲ್ಲಿ ಬಡ್ಡಿ ಸಮೇತ ಬೆಳೆಯುತ್ತದೆ.

ನೆಲವೊಂದಿದ್ದರೆ ಸಾಕು, ಸಂಸ್ಥೆ ಬದುಕಿಕೊಳ್ಳುತ್ತದೆ ಎಂಬ ನಂಬಿಕೆಗೂ ಕ್ವೇಕರ್ ಚರಿತ್ರೆಯಲ್ಲೇ ಉತ್ತರವಿದೆ. ಇಂಗ್ಲೆಂಡಿನ ಸ್ಯಾಫ್ರನ್ ವಾಲ್ಡನ್‌ನ ಫ್ರೆಂಡ್ಸ್ ಶಾಲೆ ಸಿಡ್‌ವೆಲ್‌ಗಿಂತ ಬಹಳ ಹಿರಿದು. 1702ರಲ್ಲಿ ಲಂಡನ್‌ನ ಕ್ಲರ್ಕನ್‌ವೆಲ್‌ನಲ್ಲಿ ಬಡವರ ದುಡಿಮೆಶಾಲೆಯ ಭಾಗವಾಗಿ ಹುಟ್ಟಿ, 1786ರಲ್ಲಿ ಇಸ್ಲಿಂಗ್ಟನ್ನಿಗೆ, 1825ರಲ್ಲಿ ಕ್ರಾಯ್ಡನ್ನಿಗೆ, 1879ರಲ್ಲಿ ಎಸೆಕ್ಸ್ ಪ್ರಾಂತದ ಸ್ಯಾಫ್ರನ್ ವಾಲ್ಡನ್ನಿಗೆ ಸ್ಥಳಾಂತರಗೊಂಡಿತು. ಅಲ್ಲಿ ನೆಲ ಕೊಟ್ಟವರು ಊರಿನ ಬ್ಯಾಂಕರ್ ಜಾರ್ಜ್ ಸ್ಟೇಸಿ ಗಿಬ್ಸನ್. ಅವರ ಮನೆತನದ ಬ್ಯಾಂಕು ಮುಂದೆ ಬಾರ್ಕ್ಲೇಸ್‌ನಲ್ಲಿ ಲೀನವಾಯಿತು. ಮೂರು ಸಲ ಬೇರು ಕಿತ್ತು ನೆಟ್ಟರೂ ಚಿಗುರಿದ ಶಾಲೆಯಿದು. ಆದರೆ ವಿಶಾಲವಾದ ಆವರಣ, ಇಟ್ಟಿಗೆಯ ಭವ್ಯ ಕಟ್ಟಡ ಎಲ್ಲವೂ ಇದ್ದು, ಮಕ್ಕಳ ಸಂಖ್ಯೆ ಇಳಿಯುತ್ತ ಬಂದಾಗ ಶಾಲೆ ನಿಲ್ಲಲಿಲ್ಲ. ಕೊನೆಯ ದಿನಗಳಲ್ಲಿ ಹೆಸರಿನಿಂದ ‘ಫ್ರೆಂಡ್ಸ್’ ಪದವನ್ನು ಕೈಬಿಟ್ಟು ‘ವಾಲ್ಡನ್ ಶಾಲೆ’ಯಾದದ್ದೂ ನೆರವಾಗಲಿಲ್ಲ. 2017ರ ಬೇಸಿಗೆಯಲ್ಲಿ, 315ನೆಯ ವಯಸ್ಸಿನಲ್ಲಿ, ಅದು ಮುಚ್ಚಿತು. ಆವರಣ ಗೃಹನಿರ್ಮಾಣದವರ ಪಾಲಾಯಿತು. ಗಿರಾಕಿ ಕರಗುತ್ತಿರುವಾಗ ಫಲಕ ಬದಲಿಸುವ ಅಂಗಡಿಗಳ ಕಥೆ ಎಲ್ಲ ಪೇಟೆಗಳಲ್ಲೂ ಇರುವಂಥದ್ದೇ.

ಆ 1879ರಲ್ಲೇ ಇನ್ನೊಂದು ಕ್ವೇಕರ್ ಸ್ಥಳಾಂತರವೂ ನಡೆಯಿತು. ರಿಚರ್ಡ್ ಮತ್ತು ಜಾರ್ಜ್ ಕ್ಯಾಡ್ಬರಿ ಸಹೋದರರು ತಮ್ಮ ಕಾರ್ಖಾನೆಯನ್ನು ಬರ್ಮಿಂಗ್‌ಹ್ಯಾಮ್ ನಗರದ ಇಕ್ಕಟ್ಟಿನಿಂದ ಹೊರಗಿನ ಬಯಲಿಗೆ ಒಯ್ದು ಅದಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಸುತ್ತ ಮನೆಗಳನ್ನು ಕಟ್ಟಿಸಿದ ಜಾರ್ಜ್ ಕ್ಯಾಡ್ಬರಿ 1900ರಲ್ಲಿ ಆ ಊರನ್ನು ಮಕ್ಕಳಿಗೂ ಕೊಡದೆ, ಕಂಪನಿಗೂ ಕೊಡದೆ, ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್ ಎಂಬ ಪ್ರತ್ಯೇಕ ನ್ಯಾಸಕ್ಕೆ ಒಪ್ಪಿಸಿದರು. ಒಂದು ಶತಮಾನದ ಮೇಲೆ, 2010ರಲ್ಲಿ, ಕ್ಯಾಡ್ಬರಿ ಕಂಪನಿಯನ್ನು ಅಮೆರಿಕದ ಕ್ರಾಫ್ಟ್ ನುಂಗಿತು. ಫ್ರೈ ಮನೆತನದ ಕಾಲದಿಂದ ನಡೆದುಬಂದ ಸೋಮರ್‌ಡೇಲ್ ಕಾರ್ಖಾನೆಯನ್ನು ಉಳಿಸುವ ಮಾತು ಕೊಟ್ಟಿದ್ದ ಕ್ರಾಫ್ಟ್, ಖರೀದಿ ಕೈಗೂಡಿದ ಕೆಲವೇ ದಿನಗಳಲ್ಲಿ ಮಾತು ಹಿಂದೆಗೆದುಕೊಂಡಿತು, ಕಾರ್ಖಾನೆ ಮುಚ್ಚಿತು. ಬೋರ್ನ್‌ವಿಲ್‌ನ ಮನೆಗಳನ್ನು ಮಾತ್ರ ಅದೇ ನ್ಯಾಸ ನೋಡಿಕೊಳ್ಳುತ್ತಿದೆ. ಷೇರುಗಳ ಜೊತೆ ಕಟ್ಟಿಹಾಕಿದ ನೆಲ ಷೇರುಗಳ ಜೊತೆ ಹೋಯಿತು. ಬೇರೆಯಾಗಿ ಕಟ್ಟಿದ ನೆಲ ಉಳಿಯಿತು.

ಈ ನಾಲ್ಕೂ ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವುದು ಇಷ್ಟು: ಗಾದಿಯ ಮೇಲೆ ಕುಳಿತವರ ಅವಧಿಗಿಂತ ನೆಲದ ತೀರ್ಮಾನದ ಅವಧಿ ಯಾವಾಗಲೂ ದೀರ್ಘ. ಮುಖ್ಯಸ್ಥರೊಬ್ಬರು ನಾಲ್ಕು ವರ್ಷವೂ ಇರಬಹುದು, ಇಪ್ಪತ್ತು ವರ್ಷವೂ ಇರಬಹುದು. 1963ರ ಬೆಥೆಸ್ಡಾ ಖರೀದಿಯ ಪರಿಣಾಮವನ್ನು ಐದಾರು ಮುಖ್ಯಸ್ಥರು ಹೊತ್ತರು. ಆದಕಾರಣ ಇವೆರಡನ್ನೂ ಒಂದೇ ಕೈಗೆ ಕೊಡಕೂಡದು. ನಿತ್ಯದ ಆಡಳಿತದಲ್ಲಿ ಗಾದಿಯವರಿಗೆ ಪೂರ್ಣ ಸ್ವಾತಂತ್ರ್ಯವಿರಲಿ. ನೆಲ ಕೊಳ್ಳುವುದು, ಮಾರುವುದು, ಒತ್ತೆಯಿಡುವುದು ಮಾತ್ರ ಅವರಿಗಿಂತ ಹೆಚ್ಚು ಕಾಲ ಬಾಳುವ ಒಂದು ಕೂಟದ ಕೈಯಲ್ಲಿರಲಿ. ಹೊಸ ಮುಖ್ಯಸ್ಥರು ಬಂದ ಮೇಲೂ ಆ ಕೂಟಕ್ಕೆ ಹಳೆಯ ಲೆಕ್ಕ ನೆನಪಿರಬೇಕು.

ಕನ್ನಡ ನಾಡಿನ ವರ್ತಕ ಮನೆತನಗಳಲ್ಲಿ ನೆಲದ ವಿಷಯ ಸಾಮಾನ್ಯವಾಗಿ ಮಾತಿಗೆ ಬರುವುದು ಹಿರಿಯರ ವೈಕುಂಠ ಸಮಾರಾಧನೆಯ ಮರುದಿನ. ಅಂಗಡಿ ಯಾರಿಗೆ, ಕಟ್ಟಡ ಯಾರಿಗೆ ಎಂಬ ಎರಡು ಪ್ರಶ್ನೆಗಳು ಆಗ ಒಂದೇ ಜಗಳವಾಗಿ ಹೆಣೆದುಕೊಳ್ಳುತ್ತವೆ. ಅಪ್ಪ ಹಾಕಿದ ಆಲದ ಮರವೆಂದು ಇಕ್ಕಟ್ಟಿನ ಜಾಗಕ್ಕೇ ಜೋತು ಬೀಳುವ ಮಗ ಒಬ್ಬ, ಆ ಮರ ಕಡಿದು ಸಮುಚ್ಚಯ ಕಟ್ಟಬೇಕೆನ್ನುವ ಮಗ ಇನ್ನೊಬ್ಬ. ಇಬ್ಬರಿಗೂ ಅಪ್ಪ ಆ ಜಾಗವನ್ನು ಯಾವ ಲೆಕ್ಕದಿಂದ ಕೊಂಡರೆಂಬುದು ಗೊತ್ತಿರುವುದಿಲ್ಲ. ಹುಂಡಿ ಚೀಟಿಯನ್ನು ಮೂವತ್ತು ವರ್ಷ ಜೋಪಾನ ಮಾಡುವ ಮನೆಗಳಲ್ಲೂ ಇಂತಹ ಕಾರಣವನ್ನು ಬರೆದಿಟ್ಟ ಒಂದು ಹಾಳೆ ಸಿಗುವುದಿಲ್ಲ.

ಇಲ್ಲಿ ವಾಣಿಜ್ಯ ಮಂಡಳಿಗಳು ಮಾಡಬಹುದಾದ ಕೆಲಸವೊಂದಿದೆ. ಪಾಲುದಾರಿಕೆ ಪತ್ರಕ್ಕೂ ತೆರಿಗೆಯ ನಮೂನೆಗಳಿಗೂ ಮಾದರಿಗಳನ್ನು ಸದಸ್ಯರಿಗೆ ಒದಗಿಸುವ ಮಂಡಳಿಗಳು ಕುಟುಂಬದ ಉದ್ದಿಮೆಗಳಿಗಾಗಿ ಒಂದು ಸರಳ ನಿರ್ಣಯ ಪುಸ್ತಕದ ಮಾದರಿಯನ್ನೂ ಸಿದ್ಧಪಡಿಸಬೇಕು. ಸ್ಥಿರಾಸ್ತಿಯ ಪ್ರತಿಯೊಂದು ತೀರ್ಮಾನದ ಎದುರಿಗೆ ದಿನಾಂಕ, ಕಾರಣ, ಒಪ್ಪದವರ ಹೆಸರು ಮತ್ತು ಅವರ ಆಕ್ಷೇಪಣೆ, ಖಾಲಿ ಮಾಡಬೇಕಾದವರಿಗೆ ಕೊಟ್ಟ ಕಾಲಾವಕಾಶ, ಇವಿಷ್ಟು ಅಂಕಣಗಳಿದ್ದರೆ ಸಾಕು. ಮನೆಯ ಹೆಣ್ಣುಮಕ್ಕಳೂ ಸೇರಿದಂತೆ ಮುಂದಿನ ತಲೆಮಾರಿನವರ ಎದುರಿಗೆ ಅದನ್ನು ಓದಿ, ಎಲ್ಲರೂ ಸಹಿ ಹಾಕಿದ ಮೇಲೆಯೇ ಸಭೆ ಏಳಬೇಕು. ವಕೀಲರ ಖರ್ಚಿಲ್ಲದ ಕೆಲಸವಿದು. ಮುಂದಿನ ದೀಪಾವಳಿಯ ಖಾತೆ ಪೂಜೆಯ ದಿನ ಕಿರ್ದಿ ಪುಸ್ತಕದ ಪಕ್ಕದಲ್ಲಿ ಅದನ್ನೂ ಇಟ್ಟು ಆರಂಭಿಸಬಹುದು.